ಮೊಣಕಾಲಿನ ಕೆಳಗಿನ ಚಳಿ

ಜುಲೈ 2, ಮಂಗಳವಾರ

ನನಗೆ ಮದುವೆಯಾಯಿತು, ಮದುವೆಯಾಯಿತು, ನಿಜವಾಗಿಯೂ ಮದುವೆಯಾಯಿತು! ಭಾನುವಾರದಿಂದ ನಾನು ಜತ್ಮಿಕೊನ ಹೆಂಡತಿ. ಇದನ್ನೇ ಹತ್ತು ಸಲ ಬರೆಯೋಣ ಎನ್ನಿಸುತ್ತಿದೆ, ಆದರೆ ಬೆರಳು ಮರಗಟ್ಟಿವೆ. ಡಿಯೆಂಗ್ ಬೆಟ್ಟದ ಮೇಲೆ ಚಳಿ ಎಂದು ಗೊತ್ತಿತ್ತು. ಇಡೀ ಜಾವಾದ ಚಳಿಯನ್ನು ತಂದು ಇಲ್ಲೇ ಬಚ್ಚಿಟ್ಟಿದ್ದಾರೆ ಎಂದು ಗೊತ್ತಿರಲಿಲ್ಲ. ಬಾಂಡುಂಗ್‌ನ ನಮ್ಮ ಮನೆಯ ಫ್ರಿಜ್ಜಿನಲ್ಲಿ ಮಲಗಿದ್ದರೂ ಇದಕ್ಕಿಂತ ಬೆಚ್ಚಗಿರುತ್ತಿತ್ತು. ಪರವಾಗಿಲ್ಲ, ಅವನ ಪಾದಗಳು ಬಿಸಿ ಇಟ್ಟಿಗೆಯ ಹಾಗಿವೆ!

ಅತ್ತೆಯನ್ನು ಎಲ್ಲರೂ ಮಾಕ್ ಎನ್ನುತ್ತಾರೆ, ನಾನೂ ಹಾಗೇ. ಅವರು ನನ್ನನ್ನು ‘ಗೆಂಡುಕ್’ ಎನ್ನುತ್ತಾರೆ. ಇಲ್ಲಿ ಹೆಣ್ಣುಮಕ್ಕಳನ್ನೆಲ್ಲ ಕರೆಯುವುದೇ ಹಾಗಂತೆ. ಜತ್ಮಿಕೊಗೆ ನಾನು ‘ದಿಕ್’, ನನಗೆ ಅವನು ‘ಮಾಸ್’. ನೆಂದೆನ್ ಎಂಬ ಹೆಸರು ಅವರ ಬಾಯಿಗೆ ಇನ್ನೂ ಹತ್ತಿಲ್ಲ. ಬೆಳಿಗ್ಗೆ ಮಗನಿಗೆ ಪುರ್ವಾಚೆಂಗ್ ಬೇರು ಹಾಕಿದ ಕಾಫಿ ಕೊಟ್ಟರು, ಗಂಡಸರಿಗೆ ಕಸುವು ಬರುತ್ತದಂತೆ. ಪಕ್ಕದ ಹೊಲದ ಸರ್ಮಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಊರಿಗೆಲ್ಲ ಅಕ್ಕ ಅವಳು, ಯೂ ಸರ್ಮಿ. “ಅವನಿಗ್ಯಾಕೆ ಮಾಕ್ ಆ ಬೇರು? ಹೊಸ ಒಲೆ, ತಾನೇ ಉರೀತದೆ. ಎತ್ತಿಡಿ, ಹತ್ತು ವರ್ಷ ಆದ್ಮೇಲೆ ಬೇಕಾಗ್ತದೆ” ಎಂದಳು. ನಾನು ಕೆಂಪಾದೆ. ಜತ್ಮಿಕೊ ಎರಡನೇ ಲೋಟ ಕೇಳಿದ!

ಬಾಂಡುಂಗ್‌ನ ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದ ಏಳನೇ ತರಗತಿಯ ಮಕ್ಕಳು ಮದುವೆಗೆಂದು ಕೊಟ್ಟ ಉಷ್ಣಮಾಪಕವನ್ನು ಜಗುಲಿಯ ಕಂಬಕ್ಕೆ ಹಾಕಿದೆವು. ನೆಲದಿಂದ ಒಂದೂವರೆ ಮೀಟರ್ ಮೇಲೆ, ಬಿಸಿಲು ತಾಗದ ಹಾಗೆ, ಪುಸ್ತಕ ಹೇಳುವ ಪ್ರಕಾರ. ಸರಿಯಾಗಿ ನನ್ನ ಕಣ್ಣಿನ ಎತ್ತರ. ಇಂಥ ಹಳ್ಳಿಗೆ ಇಂಥದ್ದೊಂದು ಬೇಕೇ ಇತ್ತು.

ಜುಲೈ 5, ಶುಕ್ರವಾರ

ಕೋಪ ಬಂದಿದೆ. ಮದುವೆಯಾಗಿ ಐದೇ ದಿನ, ಬರಬಾರದು, ಆದರೂ ಬಂದಿದೆ.

ಹೊಸ ಸೊಸೆಗೆ ಗುಡ್ಡದ ಒಂದು ಮೆಟ್ಟಿಲು ಹೊಲ ಕೊಡುವುದು ಈ ಮನೆಯ ಪದ್ಧತಿ. ಅಲ್ಲಿ ನಡೆಯುವುದು ಅವಳ ಮಾತು. ಅಗೆಯುವಾಗ ಮೊದಲ ಗುದ್ದಲಿಯೂ ಅವಳದೇ; ಅವಳು ಹಾಕುವ ತನಕ ಇನ್ನೊಬ್ಬರು ಆ ಮಣ್ಣು ಮುಟ್ಟುವಂತಿಲ್ಲ. ಕೇಳಿದಾಗ ಕುಣಿಯುವಷ್ಟು ಖುಷಿಯಾಯಿತು. ಹನ್ನೊಂದು ಮೆಟ್ಟಿಲಿವೆ, ಹನ್ನೊಂದರಲ್ಲೂ ಆಲೂಗಡ್ಡೆ. ಮನೆಯ ಪಕ್ಕದ್ದು ಕೊಡಬಹುದಿತ್ತು. ನಡುವಿನದು ಕೊಡಬಹುದಿತ್ತು. ಮಾಕ್ ಕೊಟ್ಟದ್ದು ಎಲ್ಲಕ್ಕಿಂತ ಕೆಳಗಿನದು, ಹಳ್ಳದ ಅಂಚಿನದು.

“ಕೆಳಗಿಂದಾ?” ಯೂ ಸರ್ಮಿ ಹುಬ್ಬೇರಿಸಿದಳು. “ಅಬ್ಬಾ, ಮಾಕ್!”

ಅವಮಾನವಲ್ಲದೆ ಇನ್ನೇನು? ಜತ್ಮಿಕೊನನ್ನು ಹಿಡಿದು ಕೇಳಿದೆ. ನಕ್ಕ. “ಹುಚ್ಚೀ, ಅದು ಬೀಜದ ಮೆಟ್ಟಿಲು. ಮುಂದಿನ ಸಲ ಎಲ್ಲಾ ಮೆಟ್ಟಿಲಿಗೂ ಹಾಕೋ ಗಡ್ಡೆ ಅಲ್ಲೇ ಆಗ್ಬೇಕು. ಅಪ್ಪ ಇದ್ದಾಗಿಂದ ಉಳಿಸ್ಕೊಂಡು ಬಂದಿರೋ ತಳಿ. ಅಪ್ಪ ಹೋದ್ಮೇಲೆ ಅದನ್ನ ಮಾಕ್ ನನ್ನ ಕೈಗೂ ಕೊಟ್ಟಿಲ್ಲ.”

“ಮತ್ತೆ ನನಗ್ಯಾಕೆ ಕೊಟ್ರು ಮಾಸ್?”

“ಹೋಗಿ ಕೇಳು.”

ಕೇಳಲಿಲ್ಲ. ಅವರ ಹೊಲ, ಅವರ ಬೀಜ, ಅವರ ಗುಟ್ಟು.

ಜುಲೈ 9, ಮಂಗಳವಾರ

ಹಿಮ! ಹಿಮ! ಹಿಮ! ಬೆಳಿಗ್ಗೆ ಇಲ್ಲಿನ ಹಳೆಯ ಗುಡಿಗಳ ಬಯಲಿನ ಹುಲ್ಲೆಲ್ಲ ಬೆಳ್ಳಗೆ, ಸಕ್ಕರೆ ಚೆಲ್ಲಿದ ಹಾಗೆ! ಜಕಾರ್ತದಿಂದ ಬಂದ ಪ್ರವಾಸಿಗರು ಚೀರುತ್ತಿದ್ದರು, ನಾನು ಅವರಿಗಿಂತ ಜೋರಾಗಿ ಚೀರಿದೆ. ಮದರಂಗಿ ಇನ್ನೂ ಮಾಸದ ಅಂಗೈಯಲ್ಲಿ ಹಿಮ ಹಿಡಿದು ಜತ್ಮಿಕೊನಿಂದ ಫೋಟೋ ತೆಗೆಸಿಕೊಂಡೆ. ಆನ್‌ಲೈನಿನಲ್ಲಿ ಹಾಕಿದ ಒಂದು ಗಂಟೆಯಲ್ಲಿ ಒಂಬೈನೂರು ಜನ ಮೆಚ್ಚಿದರು. ಎಲ್ಲರದೂ ಒಂದೇ ಪ್ರಶ್ನೆ: ಇದು ಯಾವ ಊರು? ಕೇಳಿದವರಿಗೆಲ್ಲ ಹೇಳಿದೆ!

ಮನೆಗೆ ಬಂದು ಮಾಕ್‌ಗೆ ತೋರಿಸಿದೆ. ನೋಡಿ ಫೋನನ್ನು ಬೋರಲಾಗಿಟ್ಟರು. “ಇಲ್ಲಿ ಅದಕ್ಕೆ ಹಿಮ ಅನ್ನಲ್ಲ ಗೆಂಡುಕ್. ವಿಷದ ಇಬ್ಬನಿ ಅಂತೀವಿ.”

ಅಷ್ಟೇ. ಒಂದು ನಗು ಇಲ್ಲ. ಸಂತೋಷಪಡುವುದೂ ಈ ಮನೆಯಲ್ಲಿ ತಪ್ಪೇ?

ಜುಲೈ 12, ಶುಕ್ರವಾರ

ರಾತ್ರಿ ಗಾಳಿಯೋ ಗಾಳಿ. ತಗಡು ಹಾರಿಹೋಗುತ್ತದೆ ಎಂದುಕೊಂಡೆ. ಬೆಳಿಗ್ಗೆ ನನ್ನ ಉಷ್ಣಮಾಪಕದಲ್ಲಿ ಬರಿಯ ಐದು ಡಿಗ್ರಿ! ಓಡಿಹೋಗಿ ಕೆಳಗಿನ ಮೆಟ್ಟಿಲು ನೋಡಿದೆ. ಏನೂ ಆಗಿರಲಿಲ್ಲ, ಎಲೆಗಳು ಹಸಿರಾಗಿ ಒದ್ದೆಯಾಗಿ ನಿಂತಿದ್ದವು. ಮೇಲೆ ಮೋಡ ಮುಸುಕಿತ್ತು. ಮಾಕ್ ಅಷ್ಟು ಹೊತ್ತೂ ಗೊರಕೆ ಹೊಡೆಯುತ್ತಿದ್ದರು.

ಐದಕ್ಕೆ ಏನೂ ಆಗುವುದಿಲ್ಲ. ಬರೆದಿಟ್ಟುಕೊಂಡಿದ್ದೇನೆ. ನಾಲ್ಕಕ್ಕೂ ಆಗುವುದಿಲ್ಲ, ನೀರು ಹೆಪ್ಪುಗಟ್ಟುವುದು ಸೊನ್ನೆಗೆ, ಇದು ಎಲ್ಲ ಮಕ್ಕಳಿಗೂ ಗೊತ್ತು.

ಸಂಜೆ ಒಲೆಯ ಮುಂದೆ ಕೂತು ಮಾಕ್ ಮತ್ತು ಯೂ ಸರ್ಮಿಗೆ ಪಾಠ ಮಾಡಿದೆ. ಬಿಸಿಲು ಗಾಳಿಯನ್ನು ಕಾಯಿಸುವುದಿಲ್ಲ, ಅದರೊಳಗಿಂದ ಹಾದು ಬಂದುಬಿಡುತ್ತದೆ, ಕಾಯುವುದು ನೆಲ. ಕಾದ ನೆಲ ತನ್ನ ಬಿಸಿಯನ್ನು ಮೇಲಕ್ಕೆ ಬಿಡುತ್ತದೆ, ಗಾಳಿ ಬೆಚ್ಚಗಾಗುವುದು ಅದರಿಂದ. ಬಾಣಲೆ ಕಾದ ಮೇಲೆ ತಾನೇ ಮೇಲೆ ಹಿಡಿದ ಕೈಗೆ ಬಿಸಿ ತಾಗುವುದು? ಮೋಡವೂ ಗಾಳಿಯ ತೇವವೂ ಆ ಬಿಸಿಯನ್ನು ಹಿಡಿದು ಒಂದಿಷ್ಟನ್ನು ಮತ್ತೆ ನೆಲಕ್ಕೇ ಕಳಿಸುತ್ತವೆ.

“ಗೊತ್ತು” ಎಂದರು ಮಾಕ್.

“ಹೇಗೆ ಗೊತ್ತು ಮಾಕ್?”

“ನಲವತ್ತು ವರ್ಷ ಬರಿಗಾಲಲ್ಲಿ ನಿಂತಿದೀನಿ.”

ಯೂ ಸರ್ಮಿ ನನ್ನ ಕರಿದ ಟೆಂಪೆಯನ್ನೂ ತಿಂದು, “ಓದಿದ ಸೊಸೆ ಮಾಕ್, ಒಲೆ ಹಚ್ಚೋಕೆ ಬರ್ದಿದ್ರೂ ಒಲೆ ಯಾಕೆ ಉರೀತದೆ ಅಂತ ಹೇಳ್ತಾಳೆ” ಎಂದಳು. ಜತ್ಮಿಕೊ ನಕ್ಕ. ಅವನು ನಗಬಾರದಿತ್ತು!

ಜುಲೈ 19, ಶುಕ್ರವಾರ

ಇವತ್ತು ನಾನು ಗೆದ್ದೆ. ಗೆದ್ದವರಿಗೆ ಇಷ್ಟು ಸಿಟ್ಟು ಉಳಿಯುತ್ತದೆ ಎಂದು ಗೊತ್ತಿರಲಿಲ್ಲ.

ಮೂರು ಮನೆಗಳಿಗೆ ಸೇರಿ ಇಲ್ಲಿ ಒಂದೇ ಜೊತೆ ಕಪ್ಪು ಬಲೆ, ವಿಷದ ಇಬ್ಬನಿ ಬೆಳೆಗೆ ತಾಗದ ಹಾಗೆ ಹಾಸುವುದು. ಹಾಸಿದರೆ ಒಂದು ಮೆಟ್ಟಿಲು ಮುಚ್ಚುತ್ತದೆ. ಸರದಿಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ವಾರ. ಸರದಿಯವರು ಬೇಡವೆಂದರೆ ಮುಂದಿನವರಿಗೆ. ಈ ವಾರ ನನ್ನದು. ಇಳಿಹೊತ್ತಿನ ಅಸ್ರ್ ನಮಾಜು ಮುಗಿಸಿ ಮಾಕ್ ಅಂಗಳಕ್ಕೆ ಬಂದು ಆಕಾಶ ನೋಡಿದರು, ಒದ್ದೆ ಬೆರಳು ಎತ್ತಿ ಹಿಡಿದರು. “ಬಲೆ ಹಾಸಬೇಕು ಗೆಂಡುಕ್. ಗಾಳಿ ಸತ್ತೋಗಿದೆ. ಇವತ್ತು ನಕ್ಷತ್ರ ಚುಚ್ತವೆ.”

ಅಲ್ಲಿಗೆ ನನಗೆ ತಡೆಯಲಾಗಲಿಲ್ಲ. ಬಲೆ ಹಾಸಲು ನಾಲ್ಕು ಜನ ಬೇಕು, ಎರಡು ಗಂಟೆ ಬೇಕು, ಬೆಳಿಗ್ಗೆ ಮತ್ತೆ ತೆಗೆಯಬೇಕು. ಈ ವಾರ ಮೂರು ಸಲ ಹಾಸಿ ತೆಗೆದಿದ್ದೇವೆ, ನನ್ನ ಅಂಗೈ ನೋಡುವಂತಿಲ್ಲ. ಅದೂ ಏತಕ್ಕೆ? “ಮಾಕ್, ಹೋದ ಶುಕ್ರವಾರ ಐದು ಡಿಗ್ರಿ ಇದ್ದಾಗ ನೀವು ಗೊರಕೆ ಹೊಡೀತಿದ್ರಿ. ಇವತ್ತು ಈಗ ಒಂಬತ್ತು ಡಿಗ್ರಿ ಇದೆ. ಬೆಳಗಿನ ಜಾವ ನಾಲ್ಕಕ್ಕಿಂತ ಕೆಳಗೆ ಇಳಿಯಲ್ಲ. ನಾಲ್ಕಕ್ಕೆ ಎಲ್ಲಾದರೂ ನೀರು ಹೆಪ್ಪುಗಟ್ಟುತ್ತಾ?”

“ಅದು ಮೋಡದ ರಾತ್ರಿ...”

“ಉಷ್ಣಮಾಪಕ ಮೋಡ ನೋಡಲ್ಲ ಮಾಕ್! ಮೆಟ್ಟಿಲು ನಂದು ಅಂದ್ರಲ್ಲ? ನನ್ನ ಮಾತೇ ಅಂದ್ರಲ್ಲ?”

ಮಾಕ್ ಮಗನ ಮುಖ ನೋಡಿದರು. ಅವನು, “ನೆಂದೆನ್ ಓದಿದಾಳೆ ಮಾಕ್, ಒಂದ್ ರಾತ್ರಿ ತಾನೆ” ಎಂದ. ನನ್ನ ಬಂಗಾರ! ಬಲೆ ಬೇಕೋ ಬೇಡವೋ ಎಂದು ಕೇಳಲು ಯೂ ಸರ್ಮಿ ಬಂದಾಗ ನಾನೇ ಹೇಳಿದೆ: “ನೀವೇ ಹಾಸ್ಕೊಳ್ಳಿ.”

“ಯೋಚ್ನೆ ಮಾಡಿ ಹೇಳು ತಾಯಿ.”

“ಮಾಡಿದೀನಿ.”

ಮಾಕ್ ಇಷ್ಟು ಹೊತ್ತಾದರೂ ಒಂದು ಮಾತೂ ಆಡಿಲ್ಲ. ಸೋತವರು ಸೋತೆ ಎಂದಾದರೂ ಹೇಳಬೇಕು.

ಜುಲೈ 20, ಶನಿವಾರ

ಉಷ್ಣಮಾಪಕದಲ್ಲಿ ನಾಲ್ಕೇ ಇತ್ತು. ನಾಲ್ಕೇ ಇತ್ತು. ನಾಲ್ಕೇ.

ಜುಲೈ 21, ಭಾನುವಾರ

ನಿನ್ನೆ ಹೆಚ್ಚು ಬರೆಯಲಾಗಲಿಲ್ಲ.

ಆಜಾನಿಗೆ ಮೊದಲೇ ಮಾಕ್ ಎದ್ದು ಹೋಗಿದ್ದರು. ನಾನು ಇಳಿದಾಗ ಕೆಳಗಿನ ಮೆಟ್ಟಿಲು ಒಂದು ತುದಿಯಿಂದ ಇನ್ನೊಂದು ತುದಿಗೆ ಬಿಳಿ. ಮಾಕ್, ಜತ್ಮಿಕೊ ಇಬ್ಬರೂ ಕ್ಯಾನಿನಲ್ಲಿ ನೀರು ಹೊತ್ತು ಎಲೆಗಳನ್ನು ತೊಳೆಯುತ್ತಿದ್ದರು. ಬಿಸಿಲು ತಾಗುವುದರೊಳಗೆ ತೊಳೆದರೆ ಅಷ್ಟಿಷ್ಟು ಉಳಿಯುತ್ತದಂತೆ. ನಾನೂ ಕ್ಯಾನು ಎತ್ತಿಕೊಂಡೆ. ಕೈ ಸತ್ತುಹೋಯಿತು. ಎರಡು ಸಾಲು ಮುಗಿಸುವಷ್ಟರಲ್ಲಿ ಬಿಸಿಲು ಗುಡ್ಡ ಇಳಿದು ಬಂತು. ಎಷ್ಟು ಚೆಂದದ ಬಿಸಿಲು! ಅದಕ್ಕೆ ಕಲ್ಲು ಹೊಡೆಯಬೇಕು ಎನ್ನಿಸಿತು.

ಹತ್ತು ಗಂಟೆಗೆ ಎಲೆಗಳು ಕಪ್ಪಾದವು. ಬೆಂಕಿ ಹಾಕಿದ ಹಾಗೆ, ಬೇಯಿಸಿ ಹಿಂಡಿದ ಸೊಪ್ಪಿನ ಹಾಗೆ. ಮೇಲಿನ ಹತ್ತು ಮೆಟ್ಟಿಲುಗಳಿಗೆ ಅಂಚು ಸುಟ್ಟಿದೆ ಅಷ್ಟೇ. ಪಕ್ಕದಲ್ಲಿ ಯೂ ಸರ್ಮಿಯ ಹೊಲ, ನನ್ನ ಬಲೆಯ ಕೆಳಗೆ, ಹಸಿರೋ ಹಸಿರು.

ಆಗಲೇ ನಾಲ್ಕು ಜನ ಹುಡುಗಿಯರು ಬಣ್ಣದ ಟೋಪಿ ಹಾಕಿಕೊಂಡು ಬದುವಿನ ಮೇಲೆ ಬಂದರು. “ಹಿಮ ಕರಗೋಯ್ತಾ? ಅಯ್ಯೋ! ಇಲ್ಲೇನಾದ್ರೂ ಉಳಿದಿದ್ಯಾ?” ಎಂದಳು ಒಬ್ಬಳು. ನನ್ನನ್ನು ನೋಡಿ ಅವಳ ಕಣ್ಣು ಅರಳಿತು. “ಮದರಂಗಿ ಅಕ್ಕ ನೀವೇ ಅಲ್ವಾ? ನಿಮ್ಮ ಫೋಟೋ ನೋಡೇ ಬಂದ್ವಿ!”

ನಾನು ಏನೆಂದು ಕೂಗಿದೆನೋ ಬರೆಯಲಾರೆ. ನನ್ನ ಶಾಲೆಯಲ್ಲಿ ಕಲಿಸಿದ ಮಾತುಗಳಲ್ಲ. ಅವರು ಓಡಿದರು, ಒಬ್ಬಳ ಟೋಪಿ ಬಿದ್ದುಹೋಯಿತು. ಯೂ ಸರ್ಮಿ ಅದನ್ನು ಎತ್ತಿ ಮಣ್ಣು ಕೊಡವಿ ತನ್ನ ತಲೆಗೆ ಹಾಕಿಕೊಂಡಳು. “ಬೈಗುಳ ಚೆನ್ನಾಗ್ ಬರ್ತದೆ. ಈಗ ಊರವಳಾದೆ.” ಕಪ್ಪಾದ ಎಲೆಯೊಂದನ್ನು ಕಿತ್ತು ನೋಡುತ್ತ ಕೇಳಿದಳು: “ನಿನ್ನ ಆ ಡಬ್ಬಿಲಿ ಎಷ್ಟಿತ್ತು?”

“ನಾಲ್ಕು.”

“ಕಂಬದ ಮೇಲೆ ನಾಲ್ಕು. ಮತ್ತೆ ಆಲೂಗಡ್ಡೆ ಏನು ನಿಮ್ಮ ಜಗುಲೀಲಿ ನಿಂತ್ಕೊಂಡು ಬೆಳೀತದಾ?”

ಆ ಮಾತು ಮೊಳೆಯ ಹಾಗೆ ಕೂತಿದೆ. ಅವಳ ಮೇಲೆ ಸಿಟ್ಟು. ಪುಸ್ತಕದ ಮೇಲೆ ಸಿಟ್ಟು. ಎಲ್ಲರಿಗಿಂತ ಹೆಚ್ಚು ಆ ಡಬ್ಬಿಯ ಮೇಲೆ. ಅದಕ್ಕೆ ಸೂರಿದೆ. ಎಲೆಗಿಲ್ಲ. ಎಲೆ ಬರಿಯ ಆಕಾಶದ ಕೆಳಗೆ ರಾತ್ರಿಯಿಡೀ ತನ್ನ ಬಿಸಿಯನ್ನು ಮೇಲಕ್ಕೆ ಕೊಡುತ್ತಲೇ ಇರುತ್ತದೆ. ವಾಪಸ್ ಕೊಡಲು ಮೋಡವಿಲ್ಲ. ಕೊಟ್ಟು ಕೊಟ್ಟು ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ, ತನ್ನನ್ನು ಮುಟ್ಟಿದ ಗಾಳಿಯನ್ನೂ ತಣ್ಣಗೆ ಮಾಡುತ್ತದೆ. ಆ ಗಾಳಿ ಭಾರವಾಗಿ, ನೀರಿನ ಹಾಗೆ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದು, ಕೊನೆಯ ಮೆಟ್ಟಿಲಲ್ಲಿ ಮೊಣಕಾಲಿನ ತನಕ ನಿಲ್ಲುತ್ತದೆ. ಇದನ್ನು ಒಲೆಯ ಮುಂದೆ ಕೂತು ನಾನೇ ಹೇಳಿದ್ದೆ, ಅರ್ಧ. ಮಿಕ್ಕರ್ಧ ಮಾಕ್ ಬಾಯಲ್ಲಿತ್ತು. ಹೇಳಲು ಬಿಡಲಿಲ್ಲ.

ಜುಲೈ 23, ಮಂಗಳವಾರ

ಯಾರೂ ಬೈಯುತ್ತಿಲ್ಲ! ಇದನ್ನು ಹೇಗೆ ತಡೆದುಕೊಳ್ಳುವುದು? ಜತ್ಮಿಕೊ ನನ್ನ ತಟ್ಟೆಗೆ ಮೊಟ್ಟೆ ಹಾಕಿ, “ಎಲೆ ತಾನೆ ದಿಕ್, ಬಿಡು” ಎನ್ನುತ್ತಾನೆ. ಬೀಜ ಹೋದರೆ ಮುಂದಿನ ವರ್ಷ ಏನು ಹಾಕುತ್ತಾನೆ, ಮೊಟ್ಟೆಯನ್ನೇ?

ಇವತ್ತು ಮಾಕ್ ಬಾವಿಯ ಹತ್ತಿರ ಯೂ ಸರ್ಮಿಗೆ ಹೇಳುತ್ತಿದ್ದದ್ದು ಕೇಳಿಸಿತು: “ಹುಡುಗಿ ತಪ್ಪಲ್ಲ. ಅವಳಿಗೇನು ಗೊತ್ತು? ತಪ್ಪು ನಂದು, ನಾನು ಬಾಯಿ ಮುಚ್ಕೊಂಡೆ.”

ಅವಳಿಗೇನು ಗೊತ್ತು! ಮೆಟ್ಟಿಲು ನನಗೆ ಕೊಟ್ಟರು, ತಪ್ಪು ಮಾತ್ರ ತಾವೇ ಇಟ್ಟುಕೊಂಡರು. ಅದನ್ನಾದರೂ ನನಗೆ ಬಿಡಬಹುದಿತ್ತು. ಎದುರು ಹೋಗಿ ನಿಂತು, “ಹೊಲ ನಂದಾದ್ರೆ ತಪ್ಪೂ ನಂದೇ ಮಾಕ್! ಬೈಯೋದಿದ್ರೆ ನನ್ನ ಬೈಯಿರಿ!” ಎಂದು ಕಿರುಚಿದೆ. ಮಾಕ್ ಕೊಡ ಕೆಳಗಿಟ್ಟು, “ಊಟ ಮಾಡಿದ್ಯಾ ಗೆಂಡುಕ್?” ಎಂದರು.

ಬಟ್ಟೆ ತುಂಬಿಕೊಂಡಿದ್ದೇನೆ. ನಾಳೆ ಅಮ್ಮನ ಮನೆಗೆ.

ಜುಲೈ 25, ಗುರುವಾರ. ಬಾಂಡುಂಗ್

ಇಲ್ಲಿ ಬೆವರುತ್ತದೆ.

ಅಮ್ಮ ಬಾಗಿಲಲ್ಲೇ ಶುರುಮಾಡಿದಳು. “ನಾನು ಹೇಳಿರ್ಲಿಲ್ವಾ ನೆಂಗ್? ಆ ಬೆಟ್ಟದ ಜನಕ್ಕೆ ಓದಿದೋರ ಬೆಲೆ ಗೊತ್ತಿಲ್ಲ. ಆಲೂಗಡ್ಡೆಗೋಸ್ಕರ ನಿನ್ನ ಅಳಿಸಿದ್ರಲ್ಲ!”

“ಯಾರೂ ಅಳಿಸಿಲ್ಲಮ್ಮ. ಅದು ಬರೀ ಆಲೂಗಡ್ಡೆ ಅಲ್ಲ, ನಮ್ಮ ಬೀಜ.”

“ನಮ್ಮ?”

“ಊಟಕ್ಕೇನಿದೆ?” ಎಂದೆ. ಅಮ್ಮನಿಗೆ ಎಲ್ಲದಕ್ಕೂ ಒಂದು ಪ್ರಶ್ನೆ.

ಜುಲೈ 27, ಶನಿವಾರ

ರಾತ್ರಿ ತಾರಸಿಯ ಮೇಲೆ ಬಟ್ಟೆ ತೆಗೆಯಲು ಹೋಗಿ ಆಕಾಶ ನೋಡಿದೆ. ನಕ್ಷತ್ರ ಮಸುಕು. ಅಲ್ಲಿ ಹೇಗಿದೆಯೋ. ಇವತ್ತಿನಿಂದ ಬಲೆ ಯಾರ ಸರದಿ?

ಜುಲೈ 29, ಸೋಮವಾರ

ಹಳೆಯ ಶಾಲೆಯವರು ಕರೆದರು. ನನ್ನ ಜಾಗಕ್ಕೆ ಬಂದ ಟೀಚರಿಗೆ ಡೆಂಗಿಯಂತೆ. ಹೋದೆ. ಏಳನೇ ತರಗತಿ, ಪಾಠ ಯಾವುದು ಎಂದು ಹೇಳಬೇಕೆ? ಭೂಮಿಯ ಗಾಳಿ ಹೇಗೆ ಬಿಸಿಯಾಗುತ್ತದೆ. ಬೋರ್ಡಿನ ಮೂಲೆಯಲ್ಲಿ ಸೂರ್ಯ ಬರೆದೆ. ಕೆಳಕ್ಕೆ ಹಳದಿ ಬಾಣ, ನೆಲದಿಂದ ಮೇಲಕ್ಕೆ ಕೆಂಪು ಬಾಣ.

ಗೈದಾ ಎಂಬ ಹುಡುಗಿ ಕೈಯೆತ್ತಿದಳು. “ಮಿಸ್, ರಾತ್ರಿ ಸೂರ್ಯ ಇರಲ್ಲ. ಆಗ ಕೆಂಪು ಬಾಣಾನೂ ನಿಂತೋಗುತ್ತಾ?”

“ನಿಲ್ಲಲ್ಲ!” ಎಂದೆ, ಎಷ್ಟು ಜೋರಾಗಿ ಎಂದರೆ ಪಕ್ಕದ ತರಗತಿ ಸುಮ್ಮನಾಯಿತು. “ಯಾವತ್ತೂ ನಿಲ್ಲಲ್ಲ! ನೆಲ ಕೊಡ್ತಾನೇ ಇರುತ್ತೆ, ಎಲೇನೂ ಕೊಡ್ತಾನೇ ಇರುತ್ತೆ, ತಗೊಳ್ಳೋರು ಇರ್ಲಿ ಬಿಡ್ಲಿ!”

“ಮತ್ತೆ ಅದಕ್ಕೆ ವಾಪಸ್ ಯಾರು ಕೊಡ್ತಾರೆ ಮಿಸ್?”

“ಮೋಡ. ಮೋಡ ಇಲ್ಲದಿದ್ರೆ ಬಲೆ.”

“ಬಲೆನಾ?” ತರಗತಿ ನಕ್ಕಿತು.

“ಬಲೆ! ನಗಬೇಡಿ! ಕೈಯಲ್ಲಿ ಹಾಸೋ ಮೋಡ ಅದು!”

ಆರು ವರ್ಷ ಈ ಚಿತ್ರ ಬರೆದಿದ್ದೇನೆ. ಆರು ವರ್ಷವೂ ಮೂಲೆಯಲ್ಲಿ ಸೂರ್ಯ ನಗುತ್ತಿದ್ದ. ಒಂದು ಸಲವಾದರೂ ರಾತ್ರಿಯ ಚಿತ್ರ ಬರೆದಿದ್ದೆನೇ? ಸೂರ್ಯನನ್ನು ಅಂಗೈಯಿಂದ ಒರೆಸಿಬಿಟ್ಟೆ, ಮೋಡವನ್ನೂ ಒರೆಸಿದೆ. ಒಂಟಿ ಕೆಂಪು ಬಾಣ ಉಳಿಯಿತು.

ಪ್ರಿನ್ಸಿಪಾಲರು ಈ ವರ್ಷವಿಡೀ ಇರುತ್ತೀಯಾ ಎಂದು ಕೇಳಿದರು. ಬುಧವಾರ ಹೇಳುತ್ತೇನೆ ಎಂದೆ. ಬರುವಾಗ ಗಾಜಿನ ಸಾಮಾನಿನ ಅಂಗಡಿಯಲ್ಲಿ ಸಣ್ಣ ಉಷ್ಣಮಾಪಕ ಸಿಕ್ಕಿತು, ಕಂಬ ಬೇಡದ್ದು, ನೆಲದ ಮೇಲೆ ಮಲಗಿಸುವಂಥದ್ದು. ಸುಮ್ಮನೆ ತೆಗೆದುಕೊಂಡೆ. ಆಮೇಲೆ ಇನ್ನೊಂದು ತೆಗೆದುಕೊಂಡೆ. ಯೂ ಸರ್ಮಿ ಬಾಯಿ ಮುಚ್ಚಲಿ.

ಜುಲೈ 30, ಮಂಗಳವಾರ

ಜತ್ಮಿಕೊ ಫೋನ್ ಮಾಡಿದ. ಇದುವರೆಗೂ ಊಟವಾಯಿತೇ, ನಿದ್ದೆ ಬಂತೇ ಎಂದಷ್ಟೇ ಕೇಳುತ್ತಿದ್ದವನು ಇವತ್ತು ಗಂಟಲು ಸರಿಮಾಡಿಕೊಂಡ.

“ದಿಕ್, ಮೆಟ್ಟಿಲು ಅಗೆಯೋ ಹೊತ್ತಾಯ್ತು.”

“ಏನಿದೆ ಅಲ್ಲಿ ಅಗೆಯೋಕೆ?”

“ಹೆಗ್ಗಣ ಒಂದು ಬುಡ ಕೆದಕಿತ್ತು. ಗಡ್ಡೆ ಏಳು ಇದ್ವು. ಕೋಳಿಮೊಟ್ಟೆ ಗಾತ್ರ. ಒಂದಕ್ಕೂ ಏನೂ ಆಗಿಲ್ಲ. ಸುಟ್ಟಿದ್ದು ಮೇಲಿಂದು, ಮಣ್ಣು ತನ್ನ ಬಿಸಿ ಒಳಗೆ ಇಟ್ಕೊಂಡಿತ್ತು. ತಿನ್ನೋಕೆ ಚಿಕ್ಕದಾಯ್ತು, ಬೀಜಕ್ಕೆ ಸಾಕು.”

“ಮತ್ತೆ ಅಗೀರಿ! ಕಾಯ್ತಾ ಇರೋದು ಯಾಕೆ?”

“ಮಾಕ್ ಬಿಡಲ್ಲ. ಮೊದಲ ಗುದ್ದಲಿ ಒಡತೀದು ಅಂತಾರೆ.”

“ಮಳೆ ಬಿದ್ರೆ ಕೊಳೀತಾವೆ ಮಾಸ್! ಹೆಗ್ಗಣ ತಿಂತಾವೆ! ಒಡತಿ ಓಡಿಹೋಗಿದಾಳೆ ಅಂತ ಹೇಳು!”

“ಹೇಳ್ದೆ. ‘ಓಡೋ ರೈಲು ವಾಪಸ್ಸೂ ಓಡ್ತದೆ’ ಅಂದ್ರು.”

“ಅವರಿಗೆ ಕೊಡು ಫೋನು.”

ಮಾಕ್ ಬಂದರು. ಫೋನಿನಲ್ಲಿ ಯಾವಾಗಲೂ ಕೂಗುತ್ತಾರೆ, ಗುಡ್ಡದ ಆಚೆಗೆ ಕೇಳಿಸಬೇಕು ಎನ್ನುವ ಹಾಗೆ.

“ಮಾಕ್, ಇದೆಂಥಾ ಹಠ? ನಿಮ್ಮ ಗಂಡನ ಕಾಲದ ಬೀಜ ಅದು!”

“ಹೌದು.”

“ನನ್ನಂಥವಳಿಗೆ ಯಾಕೆ ಕೊಟ್ರಿ ಅದನ್ನ? ಮೇಲಿನ ಮೆಟ್ಟಿಲು ಕೊಟ್ಟಿದ್ರೆ ಏನೂ ಆಗ್ತಿರ್ಲಿಲ್ಲ!”

ಅಲ್ಲಿ ಹುಂಜ ಕೂಗಿತು. ಆಮೇಲೆ ಮಾಕ್ ಎಂದರು: “ಮೇಲಿಂದು ಯಾರಾದ್ರೂ ನೋಡ್ಕೋತಾರೆ. ನಂಗೂ ನಮ್ಮತ್ತೆ ಕೆಳಗಿಂದೇ ಕೊಟ್ಟಿದ್ದು. ಮೊದಲ್ನೇ ವರ್ಷ ನಾನೂ ಸುಟ್ಟೆ.”

“ನೀವಾ?”

“ಪೂರ್ತಿ. ನಿಂದು ಗಡ್ಡೆಯಾದ್ರೂ ಉಳೀತು. ನಮ್ಮತ್ತೆ ಮೂರು ತಿಂಗಳು ಬೈದ್ರು. ಬೈಸ್ಕೊಂಡು ಕಲ್ತಿದ್ದು ಏನೂ ಇಲ್ಲ ಗೆಂಡುಕ್, ಅದಕ್ಕೇ ನಾನು ಬೈಯ್ಲಿಲ್ಲ.”

ಇಷ್ಟು ದಿನ ಇದನ್ನು ಹೇಳಬಾರದಿತ್ತೇ? ಒಂದು ಮಾತು! ಬಾವಿಯ ಹತ್ತಿರ, ಒಲೆಯ ಮುಂದೆ, ಎಲ್ಲಿ ಬೇಕಾದರೂ! ಹಾಗೆಂದು ಕಿರುಚಿದೆ. “ಈಗ ಕೇಳ್ದೆ, ಈಗ ಹೇಳ್ದೆ” ಎಂದರು. ನನಗೆ ಮೈ ಉರಿದುಹೋಯಿತು.

“ಗುದ್ದಲಿ ಯಾರೂ ಮುಟ್ಬೇಡಿ” ಎಂದು ಹೇಳಿ ಫೋನಿಟ್ಟೆ.

ಜುಲೈ 31, ಬುಧವಾರ

ಪ್ರಿನ್ಸಿಪಾಲರಿಗೆ ಆಗುವುದಿಲ್ಲ ಎಂದೆ. ಅಮ್ಮ ಅತ್ತಳು, ಬೈದಳು, ಆಮೇಲೆ ಎರಡು ಜೊತೆ ಉಣ್ಣೆಯ ಕಾಲುಚೀಲ ತಂದು ಚೀಲಕ್ಕೆ ತುರುಕಿದಳು. ಒಂದು ಜೊತೆ ದೊಡ್ಡದು. ಯಾರಿಗೆ ಎಂದು ಕೇಳಿದರೆ, “ಆ ಹಠಮಾರಿಗೆ” ಎಂದಳು. ನಲವತ್ತು ವರ್ಷ ಬರಿಗಾಲಲ್ಲಿ ನಿಂತವರು ಹಾಕಿಕೊಳ್ಳುವುದಿಲ್ಲ ಎಂದು ಹೇಳಲಿಲ್ಲ.

ಆ ಮದರಂಗಿಯ ಫೋಟೋ ಅಳಿಸಿದೆ. ಇದು ಯಾವ ಊರು ಎಂದು ಇನ್ನೂ ಕೇಳುತ್ತಿದ್ದಾರೆ.

ಮನೆ ಮುಟ್ಟಿದ ಕೂಡಲೇ ಮಾಕ್‌ಗೆ ಹೇಳಬೇಕಾದ ಮಾತುಗಳನ್ನು ಪಟ್ಟಿ ಮಾಡಿದ್ದೇನೆ. ಎಲ್ಲ ಜಗಳದ ಮಾತೇ. ಮೊದಲನೆಯದು: ಮುಂದಿನ ಬೆಳೆಗೆ ಎರಡನೇ ಜೊತೆ ಬಲೆ ಬೇಕು, ಮೂರು ಮನೆಗೆ ಒಂದು ಜೊತೆ ಸಾಲುವುದಿಲ್ಲ. ಎರಡನೆಯದು: ವಿಷದ ಇಬ್ಬನಿ ಬೀಳುವ ರಾತ್ರಿ ಆಕಾಶ ನೋಡುವುದನ್ನು ನನಗೆ ಕಲಿಸಬೇಕು, ಅರ್ಧಕ್ಕೆ ಬಾಯಿ ಮುಚ್ಚಬಾರದು, ನಾನು ಮುಚ್ಚಿಸಿದರೂ ಮುಚ್ಚಬಾರದು. ಮೂರನೆಯದನ್ನು ಮೆಟ್ಟಿಲಲ್ಲಿ ನಿಂತೇ ಹೇಳಬೇಕು.

ಜತ್ಮಿಕೊ ನಿಲ್ದಾಣಕ್ಕೆ ಪಿಕಪ್ ತರುತ್ತಾನಂತೆ. ಗುದ್ದಲಿಯನ್ನೂ ಅದರಲ್ಲೇ ಹಾಕಿಕೊಂಡು ಬಾ, ಹಿಡಿ ಸಡಿಲವಾಗಿದೆ, ದಾರಿಯಲ್ಲಿ ಸರಿಮಾಡಿಸಬೇಕು ಎಂದೆ. “ನಿನ್ನ ಕರ್ಕೊಂಡು ಬರೋಕೆ ಹೋಗ್ತಿದೀನಾ, ಗುದ್ದಲೀನಾ?” ಎಂದ. ಎರಡನ್ನೂ ಎಂದೆ. ಮಾಕ್‌ಗೆ ಹೇಳು ಎಂದೆ, ಯೂ ಸರ್ಮಿಗೂ ಹೇಳು ಎಂದೆ: ಗುರುವಾರ, ಮಧ್ಯಾಹ್ನದ ಸೆರಾಯು ರೈಲು, ಪುರ್ವೋಕೆರ್ತೊ ನಿಲ್ದಾಣ.